ಹುಳಿಮಣ್ಣಿನಲ್ಲಿ ಒಂದು ಬೆಳೆಯ ಬೇರು ಸುಟ್ಟಂತಾಗಿ ಇನ್ನೊಂದರ ಬೇರು ತಾಳಿಕೊಳ್ಳುವುದು ಹೇಗೆ?

ಪ್ರಶ್ನೆ: ಏರುಹೊಲ

ನಮ್ಮದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ತಗ್ಗಿನಲ್ಲಿ ಭತ್ತದ ಗದ್ದೆಯಿದೆ, ಅದರ ಮೇಲ್ಬದಿಯ ಏರಿನಲ್ಲಿ ಕೆಂಪುಮಣ್ಣಿನ ಖುಷ್ಕಿ ಹೊಲವಿದೆ. ಹೊಲದಲ್ಲಿ ಎರಡು ವರ್ಷ ಶುಂಠಿ ಬೆಳೆದು ಆಮೇಲೆ ಮೆಕ್ಕೆಜೋಳಕ್ಕೆ ತಿರುಗಿದೆವು. ಈ ಬಾರಿ ಪೈರು ಮೊಳಕಾಲೆತ್ತರಕ್ಕೆ ಬಂದ ಮೇಲೆ ಬೆಳವಣಿಗೆ ನಿಂತಂತಾಯಿತು. ಮಳೆ ಎಂಟು ದಿನ ಬಿಡುವು ಕೊಟ್ಟರೆ ಸಾಕು, ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. ಗಿಡ ಕಿತ್ತು ನೋಡಿದಾಗ ಬೇರುಗಳು ಗಿಡ್ಡವಾಗಿ, ದಪ್ಪವಾಗಿ, ತುದಿ ಕಂದು ಬಣ್ಣಕ್ಕೆ ತಿರುಗಿ ಇದ್ದವು. ಕೂದಲೆಳೆಯಂಥ ಕವಲುಬೇರುಗಳು ಇರಲೇ ಇಲ್ಲ ಎನ್ನಬಹುದು, ಮತ್ತು ಒಂದು ಗೇಣಿಗಿಂತ ಆಳಕ್ಕೆ ಯಾವ ಬೇರೂ ಇಳಿದಿರಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದಾಗ ರಸಸಾರ (pH, ಅಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.7 ಎಂದು ಬಂತು. ವರದಿ ನೋಡಿದ ಪರಿಣತರೊಬ್ಬರು ಇದು ಅಲ್ಯೂಮಿನಿಯಂ ವಿಷ, ಸುಣ್ಣ ಹಾಕಿ ಎಂದಷ್ಟೇ ಹೇಳಿ ಮಾತು ಮುಗಿಸಿದರು.

ನನಗೆ ಅರ್ಥವಾಗದಿರುವುದು ಇದು: ಕಾರ್ಖಾನೆಯ ಗಾಳಿಯೂ ಸೋಕದ ನಮ್ಮ ಹೊಲಕ್ಕೆ ಅಲ್ಯೂಮಿನಿಯಂ ಎಲ್ಲಿಂದ ಬಂತು? ಅದೇ ಗುಡ್ಡದ ಮಣ್ಣು ಕೊಚ್ಚಿ ಬಂದು ತುಂಬಿಕೊಂಡಿರುವ ಕೆಳಗಿನ ಗದ್ದೆಯಲ್ಲಿ ಭತ್ತ ಚೆನ್ನಾಗಿಯೇ ಇದೆಯಲ್ಲ, ಭತ್ತದ ಬೇರು ಈ ವಿಷವನ್ನು ಹೇಗೆ ತಾಳಿಕೊಂಡಿತು? ಹಾಗೆ ತಾಳಿಕೊಳ್ಳುವ ಬೆಳೆ ಲೋಹವನ್ನು ಹೀರಿ ಕಾಳಿನಲ್ಲಿ ತುಂಬಿಕೊಳ್ಳುತ್ತದೆಯೇ? ಗಿಡ ಉಳಿಯಿತೆಂದು ಸಂತೋಷಪಟ್ಟು, ಅದನ್ನು ಮಕ್ಕಳಿಗೆ ಉಣಿಸಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು ಎಂಬ ಕಾರಣಕ್ಕೆ ಕೇಳುತ್ತಿದ್ದೇನೆ.

ಉತ್ತರ 1: ಬೇರ್ತುದಿ

ನಾನು ಸಸ್ಯಗಳ ಬೇರಿನ ಬಗ್ಗೆಯೇ ಕೆಲಸ ಮಾಡುವವಳು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಅಲ್ಯೂಮಿನಿಯಂ ನಿಮ್ಮ ಹೊಲಕ್ಕೆ ಹೊರಗಿನಿಂದ ಬರಬೇಕಾಗಿಲ್ಲ, ಹೊಲದ ಜೇಡಿಯ ಮೈಯಲ್ಲೇ ಅದು ಸೇರಿಕೊಂಡಿದೆ. ಭೂಮಿಯ ಹೊರಪದರದ ತೂಕದಲ್ಲಿ ಶೇಕಡಾ 8ರಷ್ಟು ಅಲ್ಯೂಮಿನಿಯಂ ಇದೆ, ಲೋಹಗಳ ಪೈಕಿ ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ. ಮಣ್ಣಿನ ರಸಸಾರ 5.5ಕ್ಕಿಂತ ಮೇಲಿದ್ದಾಗ ಅದು ಕರಗದ ರೂಪದಲ್ಲಿ, ಜೇಡಿಯ ಹರಳುಗಳ ಒಳಗೆ ಬಂಧಿತವಾಗಿರುತ್ತದೆ. ರಸಸಾರ 5ರ ಕೆಳಗೆ ಇಳಿದಂತೆ ಮೂರು ಧನ ವಿದ್ಯುದಾವೇಶಗಳುಳ್ಳ ಕಣವಾಗಿ, ಅಂದರೆ ಅಯಾನಾಗಿ, ಮಣ್ಣಿನ ನೀರಿಗೆ ಬಿಡುಗಡೆಯಾಗುತ್ತದೆ, ಬೇರಿಗೆ ವಿಷವಾಗುವುದು ಈ ರೂಪವೇ. ಮಲೆನಾಡಿನ ಮಳೆ ಸಾವಿರಾರು ವರ್ಷಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುತ್ತ ಮಣ್ಣನ್ನು ಹುಳಿಯಾಗಿಸಿದೆ. ಅದರ ಮೇಲೆ ಯೂರಿಯಾ, ಅಮೋನಿಯಂ ಗೊಬ್ಬರಗಳನ್ನು ಧಾರಾಳವಾಗಿ ಹಾಕಿದರೆ, ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಮಾರ್ಪಡಿಸುವಾಗ ಆಮ್ಲ ಹುಟ್ಟಿ ರಸಸಾರ ಇನ್ನೂ ಇಳಿಯುತ್ತದೆ. ಶುಂಠಿಗೆ ಎಷ್ಟು ಗೊಬ್ಬರ ಸುರಿಯುತ್ತೇವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈ ವಿಷದ ಏಟು ಬೀಳುವುದು ಬೇರಿನ ತೀರಾ ಸಣ್ಣ ಭಾಗಕ್ಕೆ. ಮೆಕ್ಕೆಜೋಳದಲ್ಲಿ ತುದಿಯಿಂದ ಹಿಂದೆ ಒಂದೆರಡು ಮಿಲಿಮೀಟರಿನ ಜಾಗ, ಜೀವಕೋಶಗಳು ವಿಭಜನೆ ಮುಗಿಸಿ ಉದ್ದಕ್ಕೆ ಹಿಗ್ಗಲು ಅಣಿಯಾಗುವ ಜಾಗ, ಎಲ್ಲಕ್ಕಿಂತ ಸೂಕ್ಷ್ಮವಾದುದು. ಅಲ್ಯೂಮಿನಿಯಂ ಅಲ್ಲಿನ ಕೋಶಭಿತ್ತಿಯ ಪೆಕ್ಟಿನ್‌ಗೆ ಅಂಟಿಕೊಂಡು ಭಿತ್ತಿಯನ್ನು ಬಿಗಿಮಾಡುತ್ತದೆ, ಹಿಗ್ಗಬೇಕಾದ ಕೋಶ ಹಿಗ್ಗುವುದಿಲ್ಲ. ತಾಳಿಕೆಯಿಲ್ಲದ ತಳಿಯಲ್ಲಿ ಒಂದು ಗಂಟೆಯೊಳಗೇ ಬೇರಿನ ಬೆಳವಣಿಗೆ ಕುಂಠಿತವಾಗುವುದನ್ನು ಅಳೆಯಬಹುದು. ನೀವು ಕಂಡ ಗಿಡ್ಡ, ದಪ್ಪ, ಕಂದುತುದಿಯ ಬೇರು ಇದೇ. ಎಂಟು ದಿನದ ಬಿಸಿಲಿಗೆ ಎಲೆ ಸುರುಳಿ ಸುತ್ತಿದ್ದೂ ಇದರಿಂದಲೇ, ಏಕೆಂದರೆ ನೀರಿರುವ ಆಳಕ್ಕೆ ಬೇರು ತಲುಪಲೇ ಇಲ್ಲ.

ತಾಳಿಕೊಳ್ಳುವ ಬೇರುಗಳು ಎರಡು ಬಗೆಯಲ್ಲಿ ಈ ಕೆಲಸ ಮಾಡುತ್ತವೆ. ವಿಷವನ್ನು ಹೊಸ್ತಿಲಾಚೆಯೇ ತಡೆಯುವುದು ಒಂದು ಬಗೆ, ಒಳಗೆ ಬಿಟ್ಟುಕೊಂಡು ಅಪಾಯವಾಗದ ಕಡೆ ಕೂಡಿಹಾಕುವುದು ಇನ್ನೊಂದು. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ ಎಂಬುದು ನನ್ನ ತಿಳಿವಳಿಕೆ.

ಹೊಸ್ತಿಲಲ್ಲೇ ತಡೆಯುವ ಬಗೆಗೆ ಗೋಧಿಯೇ ಒಳ್ಳೆಯ ಉದಾಹರಣೆ. ಬ್ರೆಜಿಲ್ ದೇಶದ ದಕ್ಷಿಣದ ಹುಳಿಮಣ್ಣಿನಲ್ಲಿ ಅಲ್ಲಿನ ರೈತರೂ ತಳಿಗಾರರೂ ಬದುಕಿ ಉಳಿದ ಗೋಧಿಯನ್ನೇ ಆರಿಸುತ್ತ ಬಂದು, ಕಾರಣ ತಿಳಿಯದೆಯೇ ತಾಳಿಕೆಯ ತಳಿಗಳನ್ನು ರೂಪಿಸಿದ್ದರು. ಅಂಥ ಕರಜಿನ್ಯೊ ಎಂಬ ತಳಿಯನ್ನು ತಾಳಿಕೆಯಿಲ್ಲದ ಆಸ್ಟ್ರೇಲಿಯಾದ ತಳಿಯೊಂದಿಗೆ ಸಂಕರಿಸಿ, ಈ ಒಂದು ಗುಣದ ವಿನಾ ಉಳಿದೆಲ್ಲದರಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಜೋಡಿ ಸಾಲುಗಳನ್ನು, ಅಂದರೆ ಎರಡು ವಂಶಗಳನ್ನು, ಮಾಡಿಕೊಂಡು, ಕ್ಯಾನ್‌ಬೆರಾದಲ್ಲಿ ಎಮ್ಯಾನುಯೆಲ್ ಡೆಲ್ಹೈಜ್, ಪೀಟರ್ ರಯಾನ್ ಮತ್ತು ಸಂಗಡಿಗರು 1993ರಲ್ಲಿ ಕಾರಣವನ್ನು ತೋರಿಸಿದರು. ಅಲ್ಯೂಮಿನಿಯಂ ತಗುಲಿದೊಡನೆ ತಾಳಿಕೆಯ ಸಾಲಿನ ಬೇರ್ತುದಿಯಿಂದ ಮ್ಯಾಲೇಟ್ ಎಂಬ ಸಾವಯವ ಆಮ್ಲ ಇನ್ನೊಂದಕ್ಕಿಂತ 5ರಿಂದ 10 ಪಟ್ಟು ಹೆಚ್ಚಾಗಿ ಹೊರಗೆ ಒಸರುತ್ತಿತ್ತು. ಹಸಿ ಸೇಬಿಗೆ ಹುಳಿ ಕೊಡುವ ಆಮ್ಲವೇ ಇದು. ಅದು ಅಲ್ಯೂಮಿನಿಯಂ ಅನ್ನು ಇಕ್ಕುಳದಂತೆ ಹಿಡಿದುಕೊಂಡ ಮೇಲೆ ಆ ಲೋಹ ಬೇರಿಗೆ ಹಾನಿ ಮಾಡಲಾರದು. ಮ್ಯಾಲೇಟ್ ಹೊರಬರುವ ಬಾಗಿಲಿನ ಜೀನ್ ಅನ್ನು ಜಪಾನಿನ ಒಕಯಾಮಾ ವಿಶ್ವವಿದ್ಯಾಲಯದ ತಂಡ 2004ರಲ್ಲಿ ಗುರುತಿಸಿತು. ಆ ಪ್ರೋಟೀನು ಬೇರ್ತುದಿಯ ಪೊರೆಯಲ್ಲಿ ಮೊದಲೇ ಸಿದ್ಧವಾಗಿ ನಿಂತಿರುತ್ತದೆ, ಅದನ್ನು ತೆರೆಯುವ ಕೀಲಿಕೈ ಅಲ್ಯೂಮಿನಿಯಮ್ಮೇ. ವಿಷವೇ ತನ್ನ ಪ್ರತಿವಿಷದ ಬಾಗಿಲು ತೆರೆಯುತ್ತದೆ ಎಂಬ ಈ ಸಂಗತಿಯನ್ನು ಮೊದಲ ಸಲ ಓದಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ನಮ್ಮ ಬಿಳಿಜೋಳದ ಕುಲದಲ್ಲಿ ಇದೇ ಕೆಲಸವನ್ನು ಸಿಟ್ರೇಟ್, ಅಂದರೆ ನಿಂಬೆಯ ಆಮ್ಲ ಮಾಡುತ್ತದೆ. ಅದರ ಜೀನ್ ಅನ್ನು ಬ್ರೆಜಿಲಿನ ಎಂಬ್ರಾಪಾ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ತಂಡ ಸೇರಿ 2007ರಲ್ಲಿ ಪತ್ತೆಮಾಡಿದವು. ಮೆಕ್ಕೆಜೋಳದಲ್ಲಿಯೂ ಇದರ ಸಂಬಂಧಿ ಜೀನ್ ಇದೆ, ತಾಳಿಕೆಯುಳ್ಳ ಕೆಲವು ಸಾಲುಗಳಲ್ಲಿ ಅದರ ಒಂದು ಪ್ರತಿಯ ಬದಲು ಮೂರು ಪ್ರತಿಗಳಿರುವುದು 2013ರಲ್ಲಿ ತಿಳಿಯಿತು. ಆದ್ದರಿಂದ ಮೆಕ್ಕೆಜೋಳವೆಲ್ಲ ಹುಳಿಮಣ್ಣಿಗೆ ಸೋಲುತ್ತದೆ ಎಂದಲ್ಲ, ನಿಮ್ಮ ಹೈಬ್ರಿಡ್ ಸೋತಿದೆ.

ಭತ್ತ ಎರಡನೆಯ ಬಗೆಯಲ್ಲಿ ನಿಪುಣ. ಧಾನ್ಯಗಳ ಪೈಕಿ ಅಲ್ಯೂಮಿನಿಯಂ ಅನ್ನು ಅತ್ಯಂತ ಚೆನ್ನಾಗಿ ತಾಳುವುದು ಅದೇ. ಒಕಯಾಮಾದ ಜಿಯಾನ್ ಫೆಂಗ್ ಮಾ ಅವರ ತಂಡ 2009ರಿಂದ 2012ರವರೆಗೆ ಒಂದಾದ ಮೇಲೊಂದು ಬಿಡಿಸಿ ತೋರಿಸಿದ ಕಥೆಯಿದು: ಒಂದು ಪ್ರೋಟೀನು ಕೋಶಭಿತ್ತಿಯ ಬಳಿ ಸುಳಿಯುವ ಅಲ್ಯೂಮಿನಿಯಂ ಅನ್ನು ಬೇಕೆಂದೇ ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ, ಇನ್ನೊಂದು ಅದನ್ನು ಕೋಶದ ಒಳಗಿನ ರಸದಾನಿಗೆ, ಅಂದರೆ ರಸ ತುಂಬಿದ ಚೀಲಕ್ಕೆ, ತಳ್ಳಿ ಅಲ್ಲೇ ಕೂಡಿಹಾಕುತ್ತದೆ, ಇವೆಲ್ಲ ಜೀನ್‌ಗಳನ್ನು ಒಂದೇ ಮೇಲ್ವಿಚಾರಕ ಪ್ರೋಟೀನು ಏಕಕಾಲಕ್ಕೆ ಎಬ್ಬಿಸುತ್ತದೆ. ಭಿತ್ತಿಗೆ ಅಂಟಿ ಕೆಡುಕು ಮಾಡುವ ಮುನ್ನ ಒಳಗೆ ಕರೆದು ಬಂಧಿಸುವ ಉಪಾಯ ಇದು.

ಇನ್ನು ಕಾಳಿನ ಮಾತು. ಅಲ್ಯೂಮಿನಿಯಂ ಮಟ್ಟಿಗೆ ನೀವು ನಿಶ್ಚಿಂತೆಯಿಂದಿರಬಹುದು. ಹೊರಗೆ ತಡೆದದ್ದು ಹೊರಗೇ ಉಳಿಯುತ್ತದೆ, ಒಳಗೆ ಬಂದದ್ದರ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ಕಾಳಿಗೆ ಏರುವುದು ಅತ್ಯಲ್ಪ. ಚಹಾ ಗಿಡದಂಥವು ಇದಕ್ಕೆ ಅಪವಾದ. ಅದರ ಹಳೆಯ ಎಲೆಗಳ ಒಣತೂಕದಲ್ಲಿ ಶೇಕಡಾ ಒಂದಕ್ಕೂ ಮೀರಿ ಅಲ್ಯೂಮಿನಿಯಂ ಇರಬಹುದು, ನಾವು ಕುಡಿಯಲು ಕೀಳುವ ಎಳೆಯ ಚಿಗುರಿನಲ್ಲಿ ಅದಕ್ಕಿಂತ ಬಹಳ ಕಡಿಮೆ.

ಉತ್ತರ 2: ಬೈಲುಗದ್ದೆ

ಮೇಲಿನ ವಿವರಣೆ ಸರಿಯಾಗಿಯೇ ಇದೆ, ಆದರೆ ಪ್ರಶ್ನೆ ಕೇಳಿದವರ ಗದ್ದೆಗೆ ಅದು ಪೂರ್ತಿ ಹೊಂದುವುದಿಲ್ಲ ಎಂದು ನನಗೆ ಅನಿಸುತ್ತದೆ. ನೀರು ನಿಂತ ಗದ್ದೆಯಲ್ಲಿ ಭತ್ತದ ಬೇರಿಗೆ ಅಲ್ಯೂಮಿನಿಯಂ ಎದುರಾಗುವುದೇ ಅಪರೂಪ. ನೀರು ನಿಂತು ಗಾಳಿ ತಪ್ಪಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನು ಬಳಸಿ ಉಸಿರಾಡುತ್ತವೆ. ಆ ಕ್ರಿಯೆ ಮಣ್ಣಿನ ಆಮ್ಲವನ್ನು ನುಂಗುವುದರಿಂದ, 4.7 ಇದ್ದ ರಸಸಾರ ಕೆಲವೇ ವಾರಗಳಲ್ಲಿ 6.5ರ ಆಸುಪಾಸಿಗೆ ಏರಬಲ್ಲದು. ಆ ಮಟ್ಟದಲ್ಲಿ ಅಲ್ಯೂಮಿನಿಯಂ ಕರಗಿ ಉಳಿಯುವುದಿಲ್ಲ. ಮಳೆಯನ್ನಷ್ಟೇ ನಂಬಿದ, ನೀರು ನಿಲ್ಲದ ಮಕ್ಕಿಗದ್ದೆಯಲ್ಲಿ ಮಾತ್ರ ಭತ್ತದ ಆ ಒಳಗುಟ್ಟು ನಿಜವಾಗಿ ಕೆಲಸಕ್ಕೆ ಬರುತ್ತದೆ. ಏರಿನ ಮೆಕ್ಕೆಜೋಳವನ್ನೂ ತಗ್ಗಿನ ಭತ್ತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದಾಗ ನಾವು ಎರಡು ಬೆಳೆಗಳನ್ನಲ್ಲದೆ ಎರಡು ಬೇರೆ ಮಣ್ಣುಗಳನ್ನೂ ಹೋಲಿಸುತ್ತಿದ್ದೇವೆ.

ಆದರೆ ಅಲ್ಯೂಮಿನಿಯಂ ಕುಗ್ಗಿಸಿದ ಅದೇ ಕ್ರಿಯೆ ಕಬ್ಬಿಣವನ್ನು ಕರಗಿಸಿಬಿಡುತ್ತದೆ. ನಮ್ಮ ಕರಾವಳಿಯ ಬೈಲುಗಳಲ್ಲಿ ಇದು ದಿನವೂ ಕಣ್ಣಿಗೆ ಬೀಳುವ ತೊಂದರೆ. ಜಂಬಿಟ್ಟಿಗೆಯ ಗುಡ್ಡದಿಂದ ಒರತೆಯಾಗಿ ಇಳಿಯುವ ನೀರು ಕಬ್ಬಿಣವನ್ನು ಹೊತ್ತು ತಂದು ಗದ್ದೆಯ ಅಂಚಿನಲ್ಲಿ ಬಿಡುತ್ತದೆ, ಅಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಪೊರೆ ಕಟ್ಟಿರುತ್ತದೆ. ಸಸಿಯ ಹಳೆಯ ಎಲೆಗಳು ತುದಿಯಿಂದ ಶುರುವಾಗಿ ಕಂಚಿನ ಬಣ್ಣಕ್ಕೆ ತಿರುಗುತ್ತವೆ.

ಭತ್ತದ ಬೇರು ಇದನ್ನು ಎದುರಿಸುವ ರೀತಿಯನ್ನು ಯಾರು ಬೇಕಾದರೂ ಬರಿಗಣ್ಣಿನಿಂದ ನೋಡಬಹುದು. ಎಲೆಯಿಂದ ಬೇರಿನವರೆಗೆ ಕಾಂಡದೊಳಗೆ ಗಾಳಿಯ ಕೊಳವೆಗಳಿವೆ. ಅವುಗಳ ಮೂಲಕ ಇಳಿದ ಆಮ್ಲಜನಕ ಬೇರಿನ ತುದಿಯ ಬಳಿ ಹೊರಕ್ಕೆ ಸೋರುತ್ತದೆ, ಅಲ್ಲಿಗೆ ಬಂದ ಕರಗಿದ ಕಬ್ಬಿಣ ತುಕ್ಕಾಗಿ ಬೇರಿನ ಮೇಲೆಯೇ ಕೂರುತ್ತದೆ. ಸಸಿ ಕಿತ್ತು ತೊಳೆದರೂ ಹೋಗದ ಆ ಕೆಂಪುಲೇಪ ಬೇರಿನ ರೋಗವೆಂದು ಹೆದರುವವರಿದ್ದಾರೆ, ಆದರೆ ಅದು ಬೇರು ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಪೊಟ್ಯಾಷ್ ಕೊರತೆಯಿರುವ ಗಿಡದಲ್ಲಿ ಬೇರಿನ ಈ ಶಕ್ತಿ ಕುಂದುತ್ತದೆ, ಆದ್ದರಿಂದ ಕಂಚುಬಣ್ಣ ಕಂಡ ಗದ್ದೆಯಲ್ಲಿ ಮೊದಲು ಪೊಟ್ಯಾಷ್ ಅಂಶವನ್ನು ಪರೀಕ್ಷಿಸಿ, ಸಾಧ್ಯವಾದರೆ ಕೆಲವು ದಿನ ನೀರು ಬಸಿದು ಮಣ್ಣಿಗೆ ಗಾಳಿ ಆಡಲು ಬಿಡಿ.

ಏರುಹೊಲ

ಇಬ್ಬರಿಗೂ ಕೃತಜ್ಞತೆಗಳು. ಎರಡು ಮಣ್ಣುಗಳನ್ನು ಹೋಲಿಸುತ್ತಿದ್ದೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಗದ್ದೆಯಿಂದ ಒಂದು ಸಸಿ ಕಿತ್ತು ತೊಳೆದು ನೋಡಿದೆ, ಕೆಂಪುಲೇಪ ಇದೆ.

ಎರಡು ಮಾತು ಉಳಿದಿವೆ. ತಾಳಿಕೆಯ ತಳಿ ಸಿಕ್ಕಿದರೆ ಸುಣ್ಣದ ಖರ್ಚು ಬಿಡಬಹುದೇ? ಮತ್ತು ನನ್ನ ತಂಗಿಯ ಮನೆಯವರು ಬೆಂಗಳೂರಿನ ಆಚೆ ವೃಷಭಾವತಿಯ ನೀರು ಹಾಯುವ ಕಡೆ ಸೊಪ್ಪು, ತರಕಾರಿ ಬೆಳೆಯುತ್ತಾರೆ. ಬೆಳೆ ಹಸಿರಾಗಿ ಸೊಂಪಾಗಿದೆ, ಆದ್ದರಿಂದ ನೀರಿನಲ್ಲಿ ವಿಷವಿಲ್ಲ ಎನ್ನುತ್ತಾರೆ. ಇಲ್ಲಿ ಓದಿದ ಮೇಲೆ ನನಗೆ ಅನುಮಾನ ಬಂದಿದೆ.

ಉತ್ತರ 3: ಅನ್ನದ ಬಟ್ಟಲು

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಅಲ್ಯೂಮಿನಿಯಂ, ಸೀಸ, ಕ್ರೋಮಿಯಂಗಳ ಬಹುಪಾಲು ಮಣ್ಣಿನಲ್ಲಿ ಅಥವಾ ಬೇರಿನಲ್ಲಿ ತಡೆಯಾಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡಕ್ಕೆ ತೊಂದರೆಯಾಗುವ ಮಟ್ಟಕ್ಕಿಂತ ಬಹಳ ಕೆಳಗಿನ ಪ್ರಮಾಣದಲ್ಲೇ ಅದು ಎಲೆ, ಕಾಳುಗಳನ್ನು ತಿನ್ನುವವರಿಗೆ ಅಪಾಯಕಾರಿಯಾಗಿಸಬಲ್ಲದು. ಗಿಡದ ಹಸಿರನ್ನು ನೋಡಿ ಕ್ಯಾಡ್ಮಿಯಂ ಇಲ್ಲವೆಂದು ಹೇಳಲು ಬರುವುದೇ ಇಲ್ಲ.

ಇದರ ಅತ್ಯಂತ ನೋವಿನ ದಾಖಲೆ ಜಪಾನಿನ ತೊಯಾಮಾ ಪ್ರಾಂತದ್ದು. ಕಮಿಯೊಕ ಗಣಿಯಿಂದ ಜಿಂಜು ನದಿಗೆ ಸೇರಿದ ಕ್ಯಾಡ್ಮಿಯಂ, ಆ ನೀರು ಹಾಯಿಸಿದ ಗದ್ದೆಗಳ ಅಕ್ಕಿಯ ಮೂಲಕ ಜನರ ಮೂತ್ರಪಿಂಡಗಳನ್ನು ಕೆಡಿಸಿ ಮೂಳೆಗಳನ್ನು ಮೆತ್ತಗಾಗಿಸಿತು. ‘ನೋವು, ನೋವು’ ಎಂದು ರೋಗಿಗಳು ಕೂಗುತ್ತಿದ್ದುದರಿಂದ ಆ ರೋಗಕ್ಕೆ ಇಟಾಯ್ ಇಟಾಯ್ ಎಂಬ ಹೆಸರೇ ನಿಂತಿತು, ಮತ್ತು 1968ರಲ್ಲಿ ಅಲ್ಲಿನ ಸರ್ಕಾರ ಅದು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು.

ಬೇರಿನ ಮಟ್ಟದಲ್ಲಿ ನಡೆಯುವುದನ್ನು ಹೀಗೆ ನೋಡಬಹುದು. ಕ್ಯಾಡ್ಮಿಯಂಗೆ ಗಿಡ ತನ್ನದೇ ಆದ ಬಾಗಿಲನ್ನು ಇಟ್ಟಿಲ್ಲ. ಭತ್ತದಲ್ಲಿ ಅದು ಮುಖ್ಯವಾಗಿ ಮ್ಯಾಂಗನೀಸ್ ಒಳಬರುವ ಬಾಗಿಲಿನಿಂದಲೇ ನುಸುಳುತ್ತದೆ. ಒಳಗೆ ಬಂದ ಮೇಲೆ ಗಿಡ ಗಂಧಕವುಳ್ಳ ಸಣ್ಣ ಪೆಪ್ಟೈಡ್ ಸರಪಳಿಗಳನ್ನು ಹೆಣೆದು ಅದನ್ನು ಕಟ್ಟಿಹಾಕುತ್ತದೆ. 1985ರಲ್ಲಿ ಜರ್ಮನಿಯಲ್ಲಿ ಗುರುತಿಸಲಾದ ಇವುಗಳಿಗೆ ಫೈಟೊಕೀಲೇಟಿನ್ ಎಂದು ಹೆಸರು. ಇದರ ಜೊತೆಗೆ ಭತ್ತದ ಬೇರುಕೋಶದಲ್ಲಿ ಕ್ಯಾಡ್ಮಿಯಂ ಅನ್ನು ರಸದಾನಿಗೆ ತಳ್ಳುವ ಒಂದು ಪಂಪು ಇದೆ, ಕಾಳಿನ ಭವಿಷ್ಯ ಬಹುಮಟ್ಟಿಗೆ ಅದರ ಕೈಯಲ್ಲಿದೆ. ಅಂಜನಾ ಧಾನ್ ಎಂಬ ತಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದುದರಿಂದ ಆ ಪಂಪು ಕೆಲಸ ಮಾಡುವುದಿಲ್ಲ. ಬೇರಿನಲ್ಲಿ ನಿಲ್ಲಬೇಕಾದ ಕ್ಯಾಡ್ಮಿಯಂ ಕಾಂಡಕ್ಕೂ ಕಾಳಿಗೂ ಏರುತ್ತದೆ ಎಂಬುದನ್ನು 2010ರಲ್ಲಿ ತೋರಿಸಲಾಯಿತು. ಇನ್ನೊಂದು ಕಡೆಯಿಂದ ಜಪಾನಿನ ವಿಜ್ಞಾನಿಗಳು ಕೊಶಿಹಿಕಾರಿ ಭತ್ತದ ಬೀಜಗಳ ಮೇಲೆ ಇಂಗಾಲದ ಅಯಾನುಗಳ ಕಿರಣ ಹಾಯಿಸಿ, ಆ ಮ್ಯಾಂಗನೀಸ್ ಬಾಗಿಲೇ ಮುಚ್ಚಿಹೋದ ಗಿಡಗಳನ್ನು ಆರಿಸಿ, ಕಾಳಿನಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆಯಿರುವ ತಳಿಯನ್ನು 2012ರ ಹೊತ್ತಿಗೆ ಪಡೆದರು.

ಆರ್ಸೆನಿಕ್ ಇನ್ನೂ ತೊಡಕಿನದು. ಅದು ಲೋಹ ಮತ್ತು ಅಲೋಹಗಳ ನಡುವಿನ ಧಾತು, ಭತ್ತ ಅದನ್ನು ಸಿಲಿಕಾನ್ ಒಳಬರುವ ಬಾಗಿಲಿನಿಂದ ಬಿಟ್ಟುಕೊಳ್ಳುತ್ತದೆ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ ಕರಗಿ ಕಾಳಿಗೆ ಹೆಚ್ಚು ಸೇರುತ್ತದೆ, ನೀರು ಬಸಿದರೆ ಅದು ಇಳಿಯುತ್ತದೆ, ಆದರೆ ಕ್ಯಾಡ್ಮಿಯಂ ಏರುತ್ತದೆ. ಎರಡೂ ಇರುವ ನೆಲದಲ್ಲಿ ನೀರಿನ ನಿರ್ವಹಣೆಯೊಂದರಿಂದಲೇ ಪರಿಹಾರ ಸಿಗುವುದು ಕಷ್ಟ. ಪಾಲಿಶ್ ಮಾಡಿದ ಅಕ್ಕಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋಗ್ರಾಂಗೆ ಕ್ಯಾಡ್ಮಿಯಂ 0.4 ಮಿಲಿಗ್ರಾಂ, ಅಜೈವಿಕ ಆರ್ಸೆನಿಕ್ 0.2 ಮಿಲಿಗ್ರಾಂ.

ನಿಮ್ಮ ತಂಗಿಯವರಿಗೆ ಹೇಳಬೇಕಾದದ್ದು ಇಷ್ಟು: ಕಾರ್ಖಾನೆಯ ತ್ಯಾಜ್ಯ ಬೆರೆಯುವ ನೀರಿನ ಕಡೆ ಪಾಲಕ್‌ನಂಥ ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಎಲೆಯಲ್ಲೇ ಕೂಡಿಸಿಕೊಳ್ಳುತ್ತವೆ, ಹುರುಳಿಕಾಯಿ, ಹೀರೆ, ಸೋರೆಯಂಥ ಕಾಯಿಗಳಿಗೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಸೇರುತ್ತದೆ. ಮಣ್ಣನ್ನೂ ಸೊಪ್ಪನ್ನೂ ಎರಡನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡುವವರೆಗೆ ಸೊಪ್ಪಿನ ಬದಲು ಕಾಯಿಗಳಿಗೆ, ಇನ್ನೂ ಒಳ್ಳೆಯದೆಂದರೆ ಹೂವಿಗೆ, ತಿರುಗುವುದು ಲೇಸು. ಆ ಸೊಪ್ಪು ಯಾರದೋ ಮನೆಯ ಮಗುವಿನ ತಟ್ಟೆಗೆ ಹೋಗುತ್ತದೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೇರ್ತುದಿ

ಸುಣ್ಣದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತಾಳಿಕೆಯ ತಳಿ ಸುಣ್ಣಕ್ಕೆ ಬದಲಿಯಾಗಲಾರದು. ಮ್ಯಾಲೇಟ್, ಸಿಟ್ರೇಟ್‌ಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತಲೇ ಇರುವುದರಿಂದ ಬೇರು ಅವನ್ನು ಸತತವಾಗಿ ಒಸರುತ್ತಿರಬೇಕು, ಆ ಇಂಗಾಲವೆಲ್ಲ ಎಲೆ ದುಡಿದು ತಂದದ್ದು. ಗೊಬ್ಬರದಿಂದ ಮಣ್ಣು ವರ್ಷ ವರ್ಷವೂ ಇನ್ನಷ್ಟು ಹುಳಿಯಾಗುತ್ತಿದ್ದರೆ ತಾಳಿಕೆಯ ತಳಿಯೂ ಒಂದು ದಿನ ಸೋಲುತ್ತದೆ.

ಹಾಗೆಂದು ಸುಣ್ಣವೊಂದೇ ಸಾಲದು. ಮೇಲೆ ಹಾಕಿದ ಸುಣ್ಣ ಉಳುಮೆಯ ಆಳದ ಕೆಳಗೆ ಬಹಳ ನಿಧಾನವಾಗಿ ಇಳಿಯುತ್ತದೆ. ಅದಕ್ಕಿಂತ ಕೆಳಗಿನ ಹುಳಿಮಣ್ಣಿನಲ್ಲಿ ಬೇರು ಇಳಿಯಲು ತಳಿಯ ತಾಳಿಕೆಯೇ ಬೇಕು, ಇಲ್ಲವೇ ಜಿಪ್ಸಂ ಬೇಕು. ಜಿಪ್ಸಂ ರಸಸಾರವನ್ನು ಹೆಚ್ಚಿಸುವುದಿಲ್ಲ, ಆದರೆ ನೀರಿನೊಂದಿಗೆ ಆಳಕ್ಕೆ ಇಳಿದು ಅಲ್ಲಿ ಕ್ಯಾಲ್ಸಿಯಂ ಒದಗಿಸುತ್ತದೆ, ಮತ್ತು ಅದರ ಸಲ್ಫೇಟ್ ಅಲ್ಯೂಮಿನಿಯಂ ಜೊತೆ ಸೇರಿ ವಿಷವನ್ನು ತಗ್ಗಿಸುತ್ತದೆ. ಬ್ರೆಜಿಲಿನ ಸೆರಾಡೊ ಎಂಬ ವಿಶಾಲ ಹುಳಿಮಣ್ಣಿನ ಬಯಲು ಕೃಷಿಭೂಮಿಯಾದದ್ದು ಸುಣ್ಣ, ರಂಜಕ, ಜಿಪ್ಸಂ, ತಾಳಿಕೆಯ ತಳಿ ಇವೆಲ್ಲವನ್ನೂ ಜೊತೆಗೂಡಿಸಿದ್ದರಿಂದ. ಆ ಕೆಲಸಕ್ಕಾಗಿ ಎಡ್ಸನ್ ಲೊಬಾಟೊ, ಅಲಿಸನ್ ಪಾವೊಲಿನೆಲ್ಲಿ ಮತ್ತು ಕಾಲಿನ್ ಮೆಕ್ಲಂಗ್ ಅವರಿಗೆ 2006ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನಮ್ಮ ಹಿರಿಯರು ಸೊಪ್ಪಿನಬೆಟ್ಟದಿಂದ ಹೊತ್ತು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಿದ್ದ ಸೊಪ್ಪೂ ಈ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಚೆನ್ನಾಗಿ ಕಳಿತ ಸಾವಯವ ಪದಾರ್ಥ ಅಲ್ಯೂಮಿನಿಯಂ ಅನ್ನು ಮ್ಯಾಲೇಟಿನಂತೆಯೇ ಹಿಡಿದುಕೊಳ್ಳುತ್ತದೆ.

ಸುಣ್ಣದ ಪ್ರಮಾಣವನ್ನು ರಸಸಾರದ ಅಂಕಿಯೊಂದನ್ನೇ ನೋಡಿ ನಿರ್ಧರಿಸಬೇಡಿ. ಒಂದೇ ರಸಸಾರದ ಜೇಡಿಮಣ್ಣಿಗೆ ಮರಳುಮಣ್ಣಿಗಿಂತ ಹೆಚ್ಚು ಬೇಕಾಗುತ್ತದೆ, ‘ಸುಣ್ಣದ ಅಗತ್ಯ’ ಎಂಬ ಪ್ರತ್ಯೇಕ ಪರೀಕ್ಷೆಯೇ ಇದೆ, ಅದನ್ನು ಕೇಳಿ ಮಾಡಿಸಿ. ಅತಿಯಾದರೆ ಸತುವಿನಂಥ ಲಘು ಪೋಷಕಾಂಶಗಳು ಗಿಡಕ್ಕೆ ದಕ್ಕದಂತಾಗುತ್ತವೆ.

ಬಿತ್ತನೆಗೆ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೊಲದ ಒಂದೂವರೆ ಅಡಿ ಆಳದ ಮಣ್ಣನ್ನು ತೆಗೆದು ಎರಡು ಪಾಲು ಮಾಡಿ, ಒಂದಕ್ಕೆ ನುಣುಪಾದ ಕೃಷಿ ಸುಣ್ಣವನ್ನು ಚೆನ್ನಾಗಿ ಬೆರೆಸಿ, ಎರಡನ್ನೂ ಹದವಾಗಿ ತೇವ ಮಾಡಿ ಎರಡು ಮೂರು ವಾರ ಮುಚ್ಚಿಡಿ. ನಿಮಗೆ ಸಿಗುವ ಮೂರು ನಾಲ್ಕು ಮೆಕ್ಕೆಜೋಳದ ತಳಿಗಳ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಪ್ರತಿ ತಳಿಯ ಹತ್ತು ಹತ್ತು ಮೊಳಕೆಗಳನ್ನು ಎರಡೂ ಮಣ್ಣಿನಲ್ಲಿ ನೆಟ್ಟು, ನಾಲ್ಕನೆಯ ದಿನ ಮೆಲ್ಲನೆ ಬಿಡಿಸಿ ತಾಯಿಬೇರಿನ ಉದ್ದ ಅಳೆಯಿರಿ. ಸುಣ್ಣವಿಲ್ಲದ ಮಣ್ಣಿನಲ್ಲಿಯೂ ಸುಣ್ಣ ಬೆರೆತ ಮಣ್ಣಿನಲ್ಲಿ ಬೆಳೆದಷ್ಟೇ ಉದ್ದಕ್ಕೆ ಹತ್ತಿರ ಯಾವ ತಳಿಯ ಬೇರು ಬರುತ್ತದೆಯೋ ಅದನ್ನು ಆರಿಸಿಕೊಳ್ಳಿ. ಅಳತೆಗಳು ಬಂದ ಮೇಲೆ ಇಲ್ಲಿಯೇ ಬರೆಯಿರಿ, ಒಟ್ಟಿಗೆ ಕುಳಿತು ನೋಡೋಣ.